ಕಾರಿನ ಮೈ ಎಲ್ಲಿ ತಿರುಚುತ್ತದೆ?

ವೇಗದ ಕಾರು ಕೊಂಡವರ ಮುಂದಿನ ಖರ್ಚಿನ ಪಟ್ಟಿಯಲ್ಲಿ ಒಂದು ಸಾಮಾನು ತಪ್ಪದೆ ಇರುತ್ತದೆ. ಬಾನೆಟ್ ಎತ್ತಿದರೆ ಇಂಜಿನ್ನಿನ ಮೇಲೆ ಎಡದಿಂದ ಬಲಕ್ಕೆ ಹಾದುಹೋಗುವ ಒಂದು ಕಂಬಿ. ಅದಕ್ಕೆ ಸ್ಟ್ರಟ್ ಬಾರ್ ಎನ್ನುತ್ತಾರೆ. ಕಾರಿನ ಹೊಟ್ಟೆಯಡಿ ಕೂರುವ ಲೋವರ್ ಬ್ರೇಸ್, ಡಿಕ್ಕಿಯೊಳಗೆ ಅಡ್ಡ ಹಾಯುವ ಹಿಂಬದಿಯ ಬಾರ್, ನೆಲದ ತಗಡಿನುದ್ದಕ್ಕೂ ಬೆಸೆಯುವ ಸಬ್‌ಫ್ರೇಮ್ ಕನೆಕ್ಟರ್ ಇವೆಲ್ಲ ಅದೇ ಬಳಗದವು. ಒಟ್ಟಾಗಿ ಚಾಸಿಸ್ ಬ್ರೇಸಿಂಗ್. ಮಾರುವವರು ಹೇಳುವುದು ಒಂದೇ ಮಾತು: ಕಾರಿನ ಮೈ ಗಟ್ಟಿಯಾಗುತ್ತದೆ, ತಿರುವಿನಲ್ಲಿ ಕಾರು ನಿಮ್ಮ ಮಾತು ಕೇಳುತ್ತದೆ.

ಕೆಲವು ಕಾರುಗಳ ಮಟ್ಟಿಗೆ ಈ ಮಾತು ಪೂರ್ತಿ ನಿಜ. ಎಷ್ಟೋ ಕಾರುಗಳ ಮಟ್ಟಿಗೆ ಅದು ಅಳತೆಗೂ ಸಿಗದಷ್ಟು ಸಣ್ಣ ನಿಜ. ನಿಮ್ಮ ಕಾರು ಯಾವ ಗುಂಪಿಗೆ ಸೇರಿದ್ದೆಂದು ದುಡ್ಡು ಕೊಡುವ ಮೊದಲೇ ತಿಳಿದುಕೊಳ್ಳಲು ಬರುತ್ತದೆ. ಕೇಳಿಕೊಳ್ಳಬೇಕಾದ ಪ್ರಶ್ನೆ ‘ಬ್ರೇಸ್ ಒಳ್ಳೆಯದೋ ಕೆಟ್ಟದ್ದೋ’ ಎಂಬುದಲ್ಲ. ಈ ಕಾರಿನಲ್ಲಿ ಯಾವ ಎರಡು ಜಾಗಗಳ ನಡುವೆ ಬಲ ಹರಿಯಲು ದಾರಿಯಿಲ್ಲ, ನಾನು ಕೊಳ್ಳುವ ಕಂಬಿ ಅಲ್ಲಿ ದಾರಿ ಮಾಡಿಕೊಡುತ್ತದೆಯೇ ಎಂಬುದು ಪ್ರಶ್ನೆ.

ಈ ಕಂಬಿಯ ಚರಿತ್ರೆಯೇ ಇದಕ್ಕೆ ಒಳ್ಳೆಯ ಪಾಠ. ಅಮೆರಿಕದ ಫೋರ್ಡ್ ಕಂಪನಿ 1964ರ ಏಪ್ರಿಲ್‌ನಲ್ಲಿ ಮಸ್ಟಾಂಗ್ ಕಾರನ್ನು ಲೋಕಕ್ಕೆ ತೋರಿಸಿತು. ಹೊರಗಿನ ರೂಪ ಹೊಸದು, ಒಳಗಿನ ಹಂದರ ಮಾತ್ರ ಅದೇ ಕಂಪನಿಯ ಫಾಲ್ಕನ್ ಎಂಬ ಸಾಧಾರಣ ಸಂಸಾರದ ಕಾರಿನದು. ಆ ಹಂದರದಲ್ಲಿ ಮುಂದಿನ ಚಕ್ರದ ಸ್ಪ್ರಿಂಗು ಮೇಲಿನ ತೋಳಿನ ಮೇಲೆ ಕೂತು, ತನ್ನ ತುದಿಯನ್ನು ಇಂಜಿನ್ ಕೋಣೆಯ ಪಕ್ಕದ ತಗಡಿನ ಗೋಪುರಕ್ಕೆ ಒತ್ತುತ್ತಿತ್ತು. ಆ ಮೇಲಿನ ತೋಳು ಬಂದು ಸೇರುವುದೂ ಅದೇ ಗೋಪುರಕ್ಕೇ. ಕಾರಿನ ಮೂತಿಯ ಭಾರ, ಹಳ್ಳಕ್ಕೆ ಬಿದ್ದಾಗಿನ ಏಟು, ತಿರುವಿನ ಅಡ್ಡಬಲ ಮೂರನ್ನೂ ಆ ಒಂದು ತಗಡೇ ಹೊರಬೇಕು. ವರ್ಷಗಳು ಕಳೆದಂತೆ ಎಡ ಬಲದ ಗೋಪುರಗಳು ಒಂದರತ್ತ ಒಂದು ವಾಲಿದ ಹಳೆಯ ಮಸ್ಟಾಂಗುಗಳನ್ನು ದುರಸ್ತಿ ಮಾಡುವವರು ಇವತ್ತಿಗೂ ನೋಡುತ್ತಾರೆ.

ಈ ದೌರ್ಬಲ್ಯ ಫೋರ್ಡಿನವರಿಗೆ ಗೊತ್ತಿತ್ತು. ಅಮೆರಿಕದ ಒಳಗೆ ಮಾರುವ ಕಾರುಗಳಿಗೆ ಗೋಪುರದಿಂದ ಇಂಜಿನ್ ಕೋಣೆಯ ಹಿಂದಿನ ಗೋಡೆಗೆ ಎರಡು ಬಿಡಿಬಿಡಿ ತೆಳು ಆಸರೆಗಳನ್ನು ಕೊಟ್ಟರು. ರಸ್ತೆ ಒರಟಾಗಿರುವ ಹೊರದೇಶಗಳಿಗೆ ಹೋಗುವ ಕಾರುಗಳಿಗೆ ಎರಡೂ ಗೋಪುರಗಳನ್ನು ಗೋಡೆಗೆ ಕಟ್ಟುವ ಒಂದೇ ತುಂಡಿನ ಗಟ್ಟಿ ಆಸರೆ ಹಾಕಿದರು. ಇದಕ್ಕೆ ಎಕ್ಸ್‌ಪೋರ್ಟ್ ಬ್ರೇಸ್ ಎಂದೇ ಹೆಸರು ನಿಂತಿತು. ಎರಡು ಗೋಪುರಗಳ ನಡುವೆ ನೇರವಾಗಿ ಹಾಯುವ ಇನ್ನೊಂದು ಕಂಬಿಗೆ ಮಾಂಟೆ ಕಾರ್ಲೊ ಬಾರ್ ಎಂಬ ಹೆಸರು ಬಂದದ್ದು ಅದೇ ಹೆಸರಿನ ರ್‍ಯಾಲಿಯಿಂದ. ಫಾಲ್ಕನ್ ಕಾರುಗಳು ಆ ಹಿಮದ ರ್‍ಯಾಲಿಗೆ ಇಳಿದಿದ್ದವು. 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಓಡಿಸಿದ ಪುಟ್ಟ ಮಿನಿ ಕೂಪರ್ ಗೆದ್ದಾಗ ಎರಡನೆಯ ಸ್ಥಾನಕ್ಕೆ ಬಂದದ್ದು ಬೊ ಯುಂಗ್‌ಫೆಲ್ಟ್ ಅವರ ಫಾಲ್ಕನ್. ಮರುವರ್ಷ ಕ್ಯಾರಲ್ ಶೆಲ್ಬಿ ಮಸ್ಟಾಂಗನ್ನು ಪಂದ್ಯಕ್ಕೆ ಸಜ್ಜುಗೊಳಿಸಿ ಜಿಟಿ350 ಮಾಡಿದಾಗ ಎಕ್ಸ್‌ಪೋರ್ಟ್ ಬ್ರೇಸ್, ಮಾಂಟೆ ಕಾರ್ಲೊ ಬಾರ್ ಎರಡನ್ನೂ ಹಾಕಿದರು. ಎರಡೂ ಸೇರಿದಾಗ ಮೇಲಿನಿಂದ ನೋಡಿದರೆ ತ್ರಿಕೋನ ಕಾಣುತ್ತದೆ. ಈ ತ್ರಿಕೋನವನ್ನು ನೆನಪಿಟ್ಟುಕೊಳ್ಳಿ. ಇಂದು ಮಾರಾಟಕ್ಕಿರುವ ಬಹುಪಾಲು ಸ್ಟ್ರಟ್ ಬಾರ್‌ಗಳು ಅದರ ಒಂದು ಬದಿಯನ್ನು ಮಾತ್ರ ಉಳಿಸಿಕೊಂಡು ಉಳಿದ ಎರಡನ್ನು ಕೈಬಿಟ್ಟಿವೆ.

ಮೈ ತಿರುಚುವುದು ಎಂದರೇನು? ಮುಂದಿನ ಎಡ ಚಕ್ರ ಗುಂಡಿಗೆ ಇಳಿದು ಹಿಂದಿನ ಬಲ ಚಕ್ರ ಉಬ್ಬಿನ ಮೇಲೆ ಹತ್ತಿದರೆ ಕಾರಿನ ಮುಂಭಾಗ ಒಂದು ಕಡೆಗೂ ಹಿಂಭಾಗ ಇನ್ನೊಂದು ಕಡೆಗೂ ಹೊರಳಲು ನೋಡುತ್ತವೆ. ಒದ್ದೆ ಬಟ್ಟೆ ಹಿಂಡುವಾಗ ಕೈಗಳು ಮಾಡುವ ಕೆಲಸವೇ ಅದು. ಮುಂಭಾಗವನ್ನು ಹಿಂಭಾಗಕ್ಕೆ ಹೋಲಿಸಿ ಒಂದು ಡಿಗ್ರಿ ತಿರುಚಲು ಎಷ್ಟು ನ್ಯೂಟನ್ ಮೀಟರ್ ತಿರುಚುಬಲ ಬೇಕೋ ಅದೇ ಆ ಕಾರಿನ ತಿರುಚು ಬಿಗಿತ. ಅದನ್ನು ನಿರ್ಧರಿಸುವುದು ತಗಡಿನ ದಪ್ಪಕ್ಕಿಂತ ಹೆಚ್ಚಾಗಿ ಆಕಾರ. ಜರ್ಮನಿಯ ಇಂಜಿನಿಯರ್ ರುಡಾಲ್ಫ್ ಬ್ರೆಡ್ಟ್ 1896ರಲ್ಲೇ ಇದರ ಸೂತ್ರ ಕೊಟ್ಟರು. ತೆಳು ತಗಡಿನ ಕೊಳವೆಯೊಂದರ ತಿರುಚು ಬಿಗಿತ, ಆ ತಗಡು ಸುತ್ತುವರಿದ ಒಳಗಿನ ವಿಸ್ತೀರ್ಣದ ವರ್ಗವನ್ನು ಅನುಸರಿಸಿ ಏರುತ್ತದೆ. ಆದರೆ ಕೊಳವೆ ಮುಚ್ಚಿರಬೇಕು. ಎಲ್ಲೋ ಒಂದು ಕಡೆ ಉದ್ದಕ್ಕೆ ಸೀಳಿದರೆ ಬಿಗಿತ ಕುಸಿಯುತ್ತದೆ. ಮುಚ್ಚಿದ ಕಾರಿನಲ್ಲಿ ನೆಲ, ಕಂಬಗಳು, ಚಾವಣಿ, ಅಂಟಿನಿಂದ ಕೂರಿಸಿದ ಮುಂಗಾಜು ಎಲ್ಲ ಸೇರಿ ಒಂದು ದೊಡ್ಡ ಡಬ್ಬಿಯಾಗುತ್ತದೆ. ಚಾವಣಿ ತೆಗೆದರೆ ಉಳಿಯುವುದು ನೆಲದ ತಗಡು ಮತ್ತು ಬಾಗಿಲ ಕೆಳಗಿನ ಹೊಸ್ತಿಲು ಮಾತ್ರ.

ಹಾಗಾಗಿಯೇ ಬ್ರೇಸಿಂಗ್ ಬಗ್ಗೆ ಮಾತಾಡಲು ತೆರೆದ ಕಾರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1989ರ ಫೆಬ್ರವರಿಯಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಮಜ್ದಾ ಕಂಪನಿ ಎಂಎಕ್ಸ್-5 ಎಂಬ ಎರಡೇ ಸೀಟಿನ ಕಾರನ್ನು ಬಿಡುಗಡೆ ಮಾಡಿತು. ಅಮೆರಿಕದಲ್ಲಿ ಅದು ಮಿಯಾಟಾ ಎಂದೇ ಮನೆಮಾತು. ಮುಚ್ಚಿದ ಕಾರಿನ ತಲೆ ಕತ್ತರಿಸಿ ಮಾಡಿದ್ದಲ್ಲ, ಮೊದಲಿನಿಂದಲೂ ತೆರೆದ ಕಾರಾಗಿಯೇ ಕಲ್ಪಿಸಿದ್ದು. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಅಲ್ಯುಮಿನಿಯಂನ ಉದ್ದನೆಯ ಜಾಲರಿ ತೊಲೆಯೊಂದನ್ನು ಕೊಟ್ಟು, ಆಕ್ಸಿಲರೇಟರ್ ಒತ್ತಿದಾಗ ಇವೆರಡೂ ತಮ್ಮ ಜಾಗದಲ್ಲಿ ಕುಣಿಯದಂತೆ ಮಾಡಿದ್ದರು. ಇಷ್ಟಾದರೂ ಮುರುಕು ರಸ್ತೆಯಲ್ಲಿ ಮುಂಗಾಜಿನ ಚೌಕಟ್ಟು ನಡುಗುವುದು, ಸ್ಟಿಯರಿಂಗ್ ಕಂಬ ಕೈಯಲ್ಲಿ ಅದುರುವುದು ಇದ್ದೇ ಇತ್ತು.

ಆ ನಡುಕಕ್ಕೆ ಕಾರಣ ಇದೆ. ಟೈರಿನ ಮೇಲೆ ಚಕ್ರ ಕುಪ್ಪಳಿಸುವ ಸಹಜ ಲಯ ಸೆಕೆಂಡಿಗೆ ಸುಮಾರು 10ರಿಂದ 15 ಬಾರಿ. ಮುಚ್ಚಿದ ಕಾರಿನ ಮೈ ತಿರುಚಿ ಅಲುಗುವ ಲಯ ಇದಕ್ಕಿಂತ ಸಾಕಷ್ಟು ಮೇಲಿರುತ್ತದೆ. ತೆರೆದ ಕಾರಿನ ಮೈ ಸಡಿಲವಾದ್ದರಿಂದ ಅದರ ಲಯ ಕೆಳಗಿಳಿದು ಚಕ್ರದ ಲಯದ ಹತ್ತಿರಕ್ಕೆ ಬರುತ್ತದೆ. ಆಗ ಪ್ರತಿ ಗುಂಡಿಯೂ ಮೈಯನ್ನು ಜೋಕಾಲಿಯ ಹಾಗೆ ತಳ್ಳಿಬಿಡುತ್ತದೆ. ಇಲ್ಲಿ ಹತ್ತು ಹದಿನೈದು ಶೇಕಡ ಬಿಗಿತ ಹೆಚ್ಚಿಸಿದರೂ ಎರಡು ಲಯಗಳು ದೂರವಾಗುತ್ತವೆ. ಚಾಲಕನಿಗೆ ಅದು ಮೊದಲ ಕಿಲೋಮೀಟರಿನಲ್ಲೇ ಗೊತ್ತಾಗುತ್ತದೆ.

ಮಜ್ದಾದವರೇ ಇದನ್ನು ಒಪ್ಪಿಕೊಂಡಂತೆ ಮುಂದಿನ ಹೆಜ್ಜೆ ಇಟ್ಟರು. 1994ರ ಮಾದರಿಗೆ 1.6 ಲೀಟರ್ ಬದಲು 1.8 ಲೀಟರ್ ಇಂಜಿನ್ ಕೊಟ್ಟಾಗ ಕಾರಿನಡಿ ಮುಂದೆ ಹಿಂದೆ ಹೆಚ್ಚುವರಿ ಆಸರೆಗಳನ್ನೂ, ಸೀಟುಗಳ ಬೆನ್ನಿಗೆ ಸೀಟ್‌ಬೆಲ್ಟ್ ಗೋಪುರಗಳೆರಡನ್ನು ಜೋಡಿಸುವ ಅಡ್ಡಪಟ್ಟಿಯನ್ನೂ ಸೇರಿಸಿದರು. ಹಳೆಯ 1.6ರ ಮಾಲೀಕರು ಇದೇ ಭಾಗಗಳನ್ನು ತಂದು ತಮ್ಮ ಕಾರಿಗೆ ಕೂರಿಸಿಕೊಳ್ಳುವುದು ಅಲ್ಲಿಂದಾಚೆಗೆ ವಾಡಿಕೆಯಾಯಿತು. ನನ್ನ ದೃಷ್ಟಿಯಲ್ಲಿ ಬ್ರೇಸಿಂಗಿಗೆ ಇದಕ್ಕಿಂತ ನೆಮ್ಮದಿಯ ದಾರಿಯಿಲ್ಲ. ಅದೇ ಕಾರಿನ ನಂತರದ ಅವತಾರದಲ್ಲಿ ತಯಾರಕರೇ ಏನು ಸೇರಿಸಿದರು ಎಂದು ನೋಡಿ, ಅದನ್ನೇ ಹಾಕಿಕೊಳ್ಳುವುದು. ಎಲ್ಲಿ ಸಡಿಲವಿತ್ತೆಂದು ಅಳೆದು ನೋಡಿದವರ ಉತ್ತರ ಅದು.

ಎಂಎಕ್ಸ್-5 ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಆ ಮೊದಲ ಪೀಳಿಗೆಯ ಕಾರಿನ ನಾಲ್ಕೂ ಚಕ್ರಗಳಿಗೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್. ಮುಂದಿನ ಚಕ್ರ ನೆಟ್ಟಗೆ ನಿಲ್ಲಬೇಕೋ ವಾಲಬೇಕೋ ಎಂಬುದನ್ನು ತೀರ್ಮಾನಿಸುವ ಮೇಲಿನ ಕೆಳಗಿನ ತೋಳುಗಳು ಮುಂದಿನ ಸಬ್‌ಫ್ರೇಮಿಗೆ ಸೇರಿವೆ. ಬಾನೆಟ್ ಕೆಳಗೆ ಕಾಣುವ ಗೋಪುರಕ್ಕೆ ತಾಗುವುದು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರಿನ ತಲೆ ಮಾತ್ರ. ಅದು ಹೆಚ್ಚಾಗಿ ಮೇಲಕ್ಕೆ ಒತ್ತುತ್ತದೆಯೇ ಹೊರತು ಅಡ್ಡಕ್ಕಲ್ಲ. ಹಾಗಾಗಿ ಎರಡು ಗೋಪುರಗಳ ನಡುವೆ ಕಂಬಿ ಹಾಕಿದರೆ ಚಕ್ರದ ನಿಲುವಿಗೆ ಸಿಗುವ ಲಾಭ ಅತ್ಯಲ್ಪ. ತೆರೆದ ಕಾರಿನ ಕಾಯಿಲೆ ಇರುವುದು ನಡುವಿನಲ್ಲಿ, ಮುಂಗಾಜಿಗೂ ಸೀಟಿನ ಬೆನ್ನಿಗೂ ನಡುವೆ. ಹಣ ಹಾಕುವುದಾದರೆ ಹೊಸ್ತಿಲಿಗೆ, ನೆಲದಡಿ ಉದ್ದಕ್ಕೆ ಹಾಯುವ ಉಕ್ಕಿನ ಹಳಿಗಳಿಗೆ ಹಾಕಬೇಕು.

ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನ ಕಥೆ ಬೇರೆ. ನಮ್ಮ ರಸ್ತೆಗಳಲ್ಲಿ ಓಡಾಡುವ ಹ್ಯಾಚ್‌ಬ್ಯಾಕ್, ಸೆಡಾನ್‌ಗಳಲ್ಲಿ ಹೆಚ್ಚಿನವಕ್ಕೆ ಮುಂದೆ ಇರುವುದು ಇದೇ. ಇಲ್ಲಿ ಮೇಲಿನ ತೋಳೇ ಇಲ್ಲ. ಸ್ಟ್ರಟ್ಟಿನ ತಲೆಯೇ ಆ ಕೆಲಸ ಮಾಡುತ್ತದೆ. ಅಂದರೆ ಗೋಪುರದ ತುದಿ ಅಲುಗಿದರೆ ಚಕ್ರದ ವಾಲು ಕೋನ, ಅಂದರೆ ಕ್ಯಾಂಬರ್, ನೇರವಾಗಿ ಬದಲಾಗುತ್ತದೆ. ಎಷ್ಟು? ಕೆಳಗಿನ ಬಾಲ್ ಜಾಯಿಂಟಿನಿಂದ ಸ್ಟ್ರಟ್ಟಿನ ತಲೆಗೆ 600 ಮಿಲಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ತಲೆ ಒಂದು ಮಿಲಿಮೀಟರ್ ಸರಿದರೆ ಕ್ಯಾಂಬರ್ ಸುಮಾರು 0.1 ಡಿಗ್ರಿ ಬದಲಾಗುತ್ತದೆ. ಅಲೈನ್‌ಮೆಂಟ್ ಅಂಗಡಿಯಲ್ಲಿ ಎಡ ಬಲ ಚಕ್ರಗಳ ನಡುವೆ ಇದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೂ ಸರಿಯಿದೆ ಎಂದೇ ಚೀಟಿ ಕೊಡುತ್ತಾರೆ. ರಸ್ತೆಯ ಟೈರಿನಲ್ಲಿ ಹೋಗುವವರಿಗೆ ಒಂದು ಮಿಲಿಮೀಟರ್ ದೊಡ್ಡ ವಿಷಯವಲ್ಲ. ಅಂಟು ಟೈರು ಹಾಕಿ ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲೋ ಚೆನ್ನೈನ ಟ್ರ್ಯಾಕಿನಲ್ಲೋ ಸುತ್ತುವವರಿಗೆ ಮೂರು ಮಿಲಿಮೀಟರ್ ಖಂಡಿತ ವಿಷಯವೇ.

ಇನ್ನೊಂದು ಸೂಕ್ಷ್ಮವಿದೆ, ಮಾರುವವರು ಇದನ್ನು ಹೇಳುವುದು ಕಡಿಮೆ. ತಿರುವಿನಲ್ಲಿ ಎಡ ಬಲ ಟೈರುಗಳೆರಡರ ಅಡ್ಡಬಲವೂ ಒಂದೇ ದಿಕ್ಕಿಗೆ. ಆ ಬಲದಿಂದ ಎರಡೂ ಗೋಪುರಗಳು ಒಂದೇ ಕಡೆಗೆ ವಾಲಲು ನೋಡುತ್ತವೆ. ನಡುವೆ ಒಂದೇ ಕಂಬಿ ಇದ್ದರೆ ಅದೂ ಅವುಗಳ ಜೊತೆ ಆಚೆಗೆ ಸರಿಯುತ್ತದೆ, ಅಷ್ಟೆ. ಗೋಪುರಗಳು ಹತ್ತಿರವಾಗುವುದನ್ನು ಅಥವಾ ದೂರವಾಗುವುದನ್ನು ಮಾತ್ರ ಆ ಕಂಬಿ ತಡೆಯಬಲ್ಲದು. ಒಂದೇ ಕಡೆಗೆ ವಾಲುವುದನ್ನು ತಡೆಯಬೇಕಾದರೆ ಹಿಂದಿನ ಗೋಡೆಗೆ ಕರ್ಣರೇಖೆಯಂತೆ ಹೋಗುವ ಕೊಂಡಿಗಳು ಬೇಕು. ಶೆಲ್ಬಿಯ ತ್ರಿಕೋನ ಯಾಕೆ ಹಾಗಿತ್ತು ಎಂಬುದು ಇಲ್ಲಿ ಅರ್ಥವಾಗುತ್ತದೆ.

ಕಂಬಿಯ ಆಕಾರವೂ ಅಷ್ಟೇ ಮುಖ್ಯ. 25 ಮಿಲಿಮೀಟರ್ ಹೊರವ್ಯಾಸದ, ಎರಡು ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ಉಕ್ಕಿನ ಕೊಳವೆ ತೆಗೆದುಕೊಳ್ಳೋಣ. ನೆಟ್ಟಗಿದ್ದರೆ, 3000 ನ್ಯೂಟನ್, ಅಂದರೆ ಸರಿಸುಮಾರು 300 ಕಿಲೋ ಭಾರದಷ್ಟು ಬಲ ತುದಿಗಳನ್ನು ಒತ್ತಿದಾಗ ಅದು ಕುಗ್ಗುವುದು 0.1 ಮಿಲಿಮೀಟರ್. ಅದೇ ಕೊಳವೆ ಇಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತಪ್ಪಿಸಲು ತುದಿಯಲ್ಲೇ 60 ಮಿಲಿಮೀಟರ್ ಮೇಲೇರಿ ಅಷ್ಟೇ ಎತ್ತರದಲ್ಲಿ ಹೋಗಿ, ಎರಡೂ ತುದಿಯಲ್ಲಿ ಒಂದೊಂದೇ ಬೋಲ್ಟಿನ ಮೇಲೆ ತಿರುಗುವಂತಿದ್ದರೆ, ಲೆಕ್ಕ ಹಾಕಿ ನೋಡಿ, ಅಷ್ಟೇ ಬಲಕ್ಕೆ ಐದು ಮಿಲಿಮೀಟರಿಗೂ ಹೆಚ್ಚು ಮಣಿಯುತ್ತದೆ. ಅದೇ ಲೋಹ, ಅದೇ ತೂಕ, ಬಿಗಿತ ಮಾತ್ರ ಐವತ್ತನೆಯ ಒಂದು ಪಾಲು. ಉಕ್ಕಿನ ಬದಲು ಅದೇ ಅಳತೆಯ ಅಲ್ಯುಮಿನಿಯಂ ಆದರೆ ಅದರಲ್ಲೂ ಮೂರನೆಯ ಒಂದು ಪಾಲು. ಬಿಲ್ಲಿನ ಹಾಗೆ ಬಾಗಿದ ಹೊಳೆಯುವ ಬಾರ್‌ಗಳನ್ನು ನೋಡಿದಾಗ ನನಗೆ ಬೇಸರವಾಗುವುದು ಈ ಕಾರಣಕ್ಕೆ. ದುಡಿದ ಹಣ ಕೊಟ್ಟು ಕೊಳ್ಳುವ ಹುಡುಗರಿಗೆ ಅದು ಕೆಲಸ ಮಾಡದ ವಸ್ತು ಎಂದು ಯಾರಾದರೂ ಹೇಳಬೇಕು.

ಬ್ರೇಸ್ ಹಾಕಿದರೆ ಇಡೀ ಕಾರಿನ ಸಮತೋಲ ಬದಲಾಗುತ್ತದೆ ಎಂಬ ಮಾತನ್ನೂ ಲೆಕ್ಕಕ್ಕೆ ಒಡ್ಡೋಣ. ತಿರುವಿನಲ್ಲಿ ಕಾರು ವಾಲಿದಾಗ ಒಳಚಕ್ರದ ಭಾರ ಹೊರಚಕ್ರಕ್ಕೆ ಸಾಗುತ್ತದೆ. ಈ ಸಾಗಾಟದಲ್ಲಿ ಮುಂದಿನ ಜೋಡಿಗೆ ಎಷ್ಟು ಪಾಲು, ಹಿಂದಿನ ಜೋಡಿಗೆ ಎಷ್ಟು ಎಂಬುದರ ಮೇಲೆ ಕಾರಿನ ಮೂತಿ ಹೊರಗೆ ಜಾರುವುದೋ ಬಾಲ ಜಾರುವುದೋ ನಿಂತಿದೆ. ಮುಂದಿನ ಸಸ್ಪೆನ್ಷನ್ ಒಂದು ಡಿಗ್ರಿ ವಾಲಲು 700 ನ್ಯೂಟನ್ ಮೀಟರ್ ಕೇಳುತ್ತದೆ, ಹಿಂದಿನದು 400 ಎಂದು ಹಿಡಿಯಿರಿ. ಕಾರಿನ ಭಾರ ಮುಂದೆ ಹಿಂದೆ ಸಮ. ಮೈ ಕಲ್ಲಿನಂತೆ ಮಣಿಯದೇ ಇದ್ದರೆ ಮುಂದಿನ ಪಾಲು ಶೇ 63.6. ಮೈಯ ಬಿಗಿತ ಡಿಗ್ರಿಗೆ 8000 ಆದರೆ ಅದು ಶೇ 63.22. ಬ್ರೇಸ್ ಹಾಕಿ ಬಿಗಿತವನ್ನು ಹತ್ತು ಶೇಕಡ ಏರಿಸಿದೆವು ಅನ್ನಿ, ಶೇ 63.25. ಟೈರಿನ ಗಾಳಿ ಒಂದು ಪಿಎಸ್ಐ ಹೆಚ್ಚು ಕಡಿಮೆಯಾದರೂ ಇದಕ್ಕಿಂತ ದೊಡ್ಡ ಬದಲಾವಣೆ ಆಗುತ್ತದೆ. ಇಂದಿನ ಮುಚ್ಚಿದ ಕಾರುಗಳ ಬಿಗಿತ ನಾನು ಹಿಡಿದ 8000ದ ಎರಡರಷ್ಟನ್ನು ದಾಟುವುದು ಸಾಮಾನ್ಯ ಎಂಬುದನ್ನೂ ಸೇರಿಸಿಕೊಳ್ಳಿ.

ಈಗ ಅದೇ ಲೆಕ್ಕದಲ್ಲಿ ಮೈಯ ಬಿಗಿತವನ್ನು 4000ಕ್ಕೆ ಇಳಿಸಿ, ಸ್ಪ್ರಿಂಗುಗಳನ್ನು ಪಂದ್ಯಕ್ಕೆ ತಕ್ಕಂತೆ ಮೂರರಷ್ಟು ಗಟ್ಟಿ ಮಾಡಿ. ಮುಂದಿನ ಪಾಲು ಶೇ 61.45ಕ್ಕೆ ಇಳಿಯುತ್ತದೆ. ಕಲ್ಲಿನಂಥ ಮೈಗೂ ಇದಕ್ಕೂ ಎರಡು ಅಂಶಗಳಿಗಿಂತ ಹೆಚ್ಚು ಅಂತರ. ಮೈಯೇ ಐದನೆಯ ಸ್ಪ್ರಿಂಗಿನಂತೆ ವರ್ತಿಸಲು ಶುರುಮಾಡಿದೆ ಎಂದರ್ಥ. ಸಸ್ಪೆನ್ಷನ್‌ನಲ್ಲಿ ಮಾಡಿದ ತಿದ್ದುಪಡಿಯ ಒಂದು ಭಾಗವನ್ನು ಅದು ನುಂಗಿಹಾಕುತ್ತದೆ. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ಇದನ್ನು ಚೆನ್ನಾಗಿ ಅರಿತಿದ್ದರು. 1962ರ ಲೋಟಸ್ 25 ಪಂದ್ಯದ ಕಾರಿನಲ್ಲಿ ಕೊಳವೆಗಳ ಹಂದರ ಬಿಟ್ಟು ಅಲ್ಯುಮಿನಿಯಂ ತಗಡಿನ ತೊಟ್ಟಿಯಂಥ ಮೈ ಕಟ್ಟಿದರು. ಮೈ ಅಷ್ಟು ಬಿಗಿಯಾದ ಮೇಲೆ ಸ್ಪ್ರಿಂಗುಗಳನ್ನು ಮೆತ್ತಗೆ ಇಡಬಹುದಾಯಿತು, ಟೈರು ನೆಲ ಬಿಡದಾಯಿತು. 1963ರಲ್ಲಿ ಜಿಮ್ ಕ್ಲಾರ್ಕ್ ಅದರಲ್ಲೇ ವಿಶ್ವ ಚಾಂಪಿಯನ್ ಆದರು. ಬ್ರೇಸಿಂಗಿನ ನಿಜವಾದ ತರ್ಕ ಇಲ್ಲಿದೆ: ಸ್ಪ್ರಿಂಗು ಎಷ್ಟು ಗಟ್ಟಿಯೋ ಮೈ ಅದರ ಹಲವು ಪಟ್ಟು ಬಿಗಿ ಇರಬೇಕು. ಕಂಪನಿ ಕೊಟ್ಟ ಸ್ಪ್ರಿಂಗಿನಲ್ಲೇ ಓಡುವ ಹೊಸ ಕಾರಿಗೆ ಆ ಹಲವು ಪಟ್ಟು ಆಗಲೇ ಸಿಕ್ಕಿದೆ.

ಬ್ರೇಸಿಂಗ್ ಬೇಕೇ ಬೇಕು ಎನ್ನುವ ಕಾರು ಯಾವುದು ಎಂದರೆ ಮತ್ತೆ ಮಸ್ಟಾಂಗಿಗೇ ಬರಬೇಕು. 1979ರಿಂದ 1993ರವರೆಗೆ ಬಂದ ಪೀಳಿಗೆಯನ್ನು ಫಾಕ್ಸ್ ಬಾಡಿ ಎನ್ನುತ್ತಾರೆ. ಇದರಲ್ಲಿ ಮುಂದಿನ ಹಳಿಗಳು ಸೀಟಿನ ಹತ್ತಿರ ಬಂದು ಮುಗಿಯುತ್ತವೆ, ಹಿಂದಿನ ಹಳಿಗಳು ಹಿಂದಿನ ಸೀಟಿನ ಬಳಿ ಶುರುವಾಗುತ್ತವೆ. ನಡುವೆ ಇರುವುದು ತೆಳುವಾದ ನೆಲದ ತಗಡು ಮತ್ತು ಹೊಸ್ತಿಲು. 1987ರ ಹೊತ್ತಿಗೆ ಅದೇ ಮೈಯೊಳಗೆ 225 ಅಶ್ವಶಕ್ತಿಯ, 400 ನ್ಯೂಟನ್ ಮೀಟರ್ ಮೀರಿದ ಟಾರ್ಕಿನ ವಿ8 ಇಂಜಿನ್ ಕೂತಿತ್ತು. ಹಿಂದಿನ ಅಚ್ಚಿನ ಕೆಳತೋಳುಗಳು ಬಂದು ಸೇರುವ ತಗಡಿನ ಪೆಟ್ಟಿಗೆಗಳು, ಅಂಟು ಟೈರು ಹಾಕಿ ಡ್ರ್ಯಾಗ್ ಓಟಕ್ಕೆ ಬಿಟ್ಟಾಗ ಬೆಸುಗೆಯಲ್ಲೇ ಹರಿಯುತ್ತಿದ್ದವು. ಬಾಗಿಲ ಸಂದು ಏರುಪೇರಾಗುತ್ತಿತ್ತು. ಈ ಕಾರಿಗೆ ಮುಂದಿನ ಹಳಿಯನ್ನೂ ಹಿಂದಿನ ಹಳಿಯನ್ನೂ ಸೇರಿಸಿ ಉಕ್ಕಿನ ಕೊಳವೆ ಬೆಸೆಯುವುದೇ ಸಬ್‌ಫ್ರೇಮ್ ಕನೆಕ್ಟರ್. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಯಾರಾದರೂ ಹಳೆಯ ಫಾಕ್ಸ್ ಬಾಡಿ ಕೊಂಡಿದ್ದರೆ ಅವರಿಗೆ ನನ್ನ ಸಲಹೆ ನೇರ: ಇಂಜಿನ್ನಿಗೆ ಕೈ ಹಾಕುವ ಮೊದಲು ಇದನ್ನು ಮಾಡಿಸಿ. ಬೋಲ್ಟಿನದಲ್ಲ, ಬೆಸೆಯುವಂಥದ್ದು. ಕಾರು ತನ್ನ ನಾಲ್ಕು ಚಕ್ರಗಳ ಮೇಲೆ ಭಾರ ಹೊತ್ತು ನಿಂತಿರುವಾಗಲೇ ಬೆಸೆಯಬೇಕು. ಮೈ ಜೋತುಬಿದ್ದಾಗ ಬೆಸೆದರೆ ಆ ಜೋಲನ್ನೇ ಶಾಶ್ವತ ಮಾಡಿದಂತೆ. ಬೆಸುಗೆಯ ಶಾಖಕ್ಕೆ ತುಕ್ಕು ತಡೆಯುವ ಲೇಪ ಸುಟ್ಟುಹೋಗುವುದರಿಂದ ಕೆಲಸ ಮುಗಿದ ದಿನವೇ ಆ ಜಾಗಕ್ಕೆ ಲೇಪ ಹಚ್ಚಬೇಕು.

ಇದೇ ಮಾತನ್ನು ಇಂದಿನ ಕಾರಿಗೆ ಹೇಳಲಾರೆ. ಈಗಿನ ಕಂಬಗಳಲ್ಲಿ, ಹೊಸ್ತಿಲಲ್ಲಿ ಕಾಯಿಸಿ ಅಚ್ಚೊತ್ತಿದ ಅತಿ ಗಟ್ಟಿ ಬೋರಾನ್ ಉಕ್ಕು ಇರುತ್ತದೆ. ಸಾಮಾನ್ಯ ವೆಲ್ಡಿಂಗ್ ಮಾಡಿದರೆ ಆ ಶಾಖದಲ್ಲೇ ಅದರ ಗಟ್ಟಿತನ ಹೋಗುತ್ತದೆ. ಕಂಪನಿಗಳು ಕಾರನ್ನು ಬಿಗಿ ಮಾಡುವ ರೀತಿಯೇ ಬೇರೆ. ಟೊಯೊಟಾ ತನ್ನ ಜಿಆರ್ ಯಾರಿಸ್ ಕಾರಿನಲ್ಲಿ ಸ್ಪಾಟ್ ವೆಲ್ಡ್‌ಗಳ ಸಂಖ್ಯೆ ಹೆಚ್ಚಿಸಿತು, ತಗಡುಗಳ ನಡುವೆ ಹೆಚ್ಚು ಉದ್ದಕ್ಕೆ ಅಂಟು ಹಾಕಿತು. ಬಿಗಿತ ಕೀಲುಗಳಲ್ಲಿ ಸೋರಿಹೋಗುತ್ತದೆ, ಅಲ್ಲೇ ಅದನ್ನು ಹಿಡಿಯಬೇಕು ಎಂಬ ಅರಿವು ಇದು.

ಬಿಗಿತ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಅಲುಗಿಸುವ ಎರಡು ಜಪಾನೀ ವಸ್ತುಗಳಿವೆ. ಸುಬರು ಕಂಪನಿಯ ಕ್ರೀಡಾ ವಿಭಾಗ ಎಸ್‌ಟಿಐ ಮಾರುವ ಫ್ಲೆಕ್ಸಿಬಲ್ ಟವರ್ ಬಾರ್‌ನ ನಟ್ಟನಡುವೆ ಒಂದು ಗುಂಡುಕೀಲು ಇದೆ. ಗೋಪುರಗಳು ಹತ್ತಿರ ದೂರ ಸರಿಯುವುದನ್ನು ಅದು ತಡೆಯುತ್ತದೆ. ಒಂದು ಗೋಪುರ ಮೇಲೆ ಒಂದು ಕೆಳಗೆ ಆಗುವುದನ್ನು ಬೇಕೆಂದೇ ಬಿಟ್ಟುಕೊಡುತ್ತದೆ. ಬೇಡದ ಚಲನೆ ಯಾವುದು, ಇರಲಿ ಎನ್ನಬಹುದಾದ್ದು ಯಾವುದು ಎಂದು ವಿಂಗಡಿಸಿ ಮಾಡಿದ ವಿನ್ಯಾಸ ಅದು. ಯಮಹಾ ಇನ್ನೂ ಮುಂದೆ ಹೋಗಿ, ಕಂಬಿಯ ಜಾಗದಲ್ಲಿ ಎಣ್ಣೆ ತುಂಬಿದ ಡ್ಯಾಂಪರ್ ಇಟ್ಟಿತು. ಅದರ ತರ್ಕ ಹೀಗಿದೆ: ಓಡುವ ಕಾರಿನ ಮೈ ಮಣಿಯುವುದು ತೀರ ಸ್ವಲ್ಪ. ತೊಂದರೆ ಮಣಿಯುವುದರಲ್ಲಿಲ್ಲ, ಮಣಿದ ಉಕ್ಕು ತಿರುಗಿ ಚಿಮ್ಮಿ ಅದುರುತ್ತಲೇ ಇರುವುದರಲ್ಲಿದೆ. ಉಕ್ಕಿಗೆ ಆ ಅದುರನ್ನು ತಾನೇ ನುಂಗುವ ಗುಣ ತೀರ ಕಡಿಮೆ. ಬ್ರೇಸ್ ಹಾಕಿದ ಮೇಲೆ ಕಾರು ಬದಲಾಯಿತು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಎಷ್ಟೋ ಸಲ ಅವರ ಕೈಗೆ ತಾಕುವುದು ಹಿಡಿತದ ಹೆಚ್ಚಳವಲ್ಲ, ಸ್ಟಿಯರಿಂಗಿಗೆ ಬರುವ ಅದುರಿನ ಬದಲಾವಣೆ. ಆ ಅನುಭವಕ್ಕೂ ಬೆಲೆಯಿದೆ. ಆದರೆ ಅದನ್ನು ತಿರುವಿನ ವೇಗ ಎಂದು ತಿಳಿದು ಘಟ್ಟದಲ್ಲಿ ನುಗ್ಗಬಾರದು.

ನಮ್ಮಲ್ಲಿ ಈ ಪ್ರಶ್ನೆ ಕೇಳುವವರ ಕಾರು ಹೆಚ್ಚಾಗಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್ಐ ತರಹದ್ದು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟಾರ್ಷನ್ ಬೀಮ್, ಮೇಲೆ ಗಟ್ಟಿ ಚಾವಣಿ. ರೀಮ್ಯಾಪ್ ಆಗಿರುತ್ತದೆ, ವಾರದ ಕೊನೆಗೆ ಚಾರ್ಮಾಡಿಯೋ ಆಗುಂಬೆಯೋ ನೋಡಿ ಬರುವ ಆಸೆಯಿರುತ್ತದೆ. ಇಂಥ ಕಾರಿಗೆ ಮೊದಲು ಬೇಕಾದ್ದು ಒಳ್ಳೆಯ ಟೈರು. ಆಮೇಲೆ ಕಂಟ್ರೋಲ್ ಆರ್ಮ್ ಬುಷ್, ಸ್ಟ್ರಟ್ ಮೌಂಟು, ಶಾಕ್ ಅಬ್ಸಾರ್ಬರು. ಸವೆದ ರಬ್ಬರ್ ಬುಷ್ಷಿನಲ್ಲಿ ಮಿಲಿಮೀಟರುಗಟ್ಟಲೆ ಆಟ ಇರುವಾಗ ಗೋಪುರದ ಅರ್ಧ ಮಿಲಿಮೀಟರ್ ಹಿಡಿಯಲು ಹೊರಡುವುದು ಹಣ ಪೋಲು ಮಾಡಿದಂತೆ. ಹಿಂಬದಿಯ ಆ್ಯಂಟಿ ರೋಲ್ ಬಾರನ್ನೂ ಬ್ರೇಸನ್ನೂ ಒಂದೇ ಎಂದುಕೊಳ್ಳುವವರೂ ಇದ್ದಾರೆ. ಆ್ಯಂಟಿ ರೋಲ್ ಬಾರ್ ಒಂದು ಸ್ಪ್ರಿಂಗು. ಮೇಲಿನ ಲೆಕ್ಕದ 400ನ್ನು 500 ಮಾಡಬಲ್ಲದ್ದು ಅದು. ಆಗ ಮುಂದಿನ ಪಾಲು ಶೇ 63ರಿಂದ 58ರ ಸುಮಾರಿಗೆ ಇಳಿದು ಕಾರಿನ ಸ್ವಭಾವವೇ ಬದಲಾಗುತ್ತದೆ. ಮಳೆಗಾಲದ ಶಿರಾಡಿಯಲ್ಲಿ ಬಾಲ ಜಾರುವ ಕಾರು ಯಾರಿಗೂ ಬೇಡ. ಆದ್ದರಿಂದ ಅದನ್ನು ಹಾಕುವಾಗ ಬ್ರೇಸಿಗಿಂತ ಹೆಚ್ಚು ಯೋಚಿಸಬೇಕು.

ಹೊಟ್ಟೆಯಡಿಯ ಬ್ರೇಸಿನ ಬಗ್ಗೆ ನಮ್ಮ ಊರಿನ ಹಂಪುಗಳೇ ತೀರ್ಪು ಕೊಡುತ್ತವೆ. ನಾಲ್ವರು ಕೂತಾಗ ಮೊದಲೇ ತಾಗುವ ಕಾರಿಗೆ ಇನ್ನೂ ಎರಡು ಸೆಂಟಿಮೀಟರ್ ಕೆಳಗೆ ಕಂಬಿ ಜೋತರೆ, ಹಂಪಿನ ಏಟು ನೇರ ಸಬ್‌ಫ್ರೇಮಿನ ಬೋಲ್ಟುಗಳಿಗೇ ಹೋಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ರ್‍ಯಾಲಿಗಳಲ್ಲಿ ಓಡುವ ಕಾರುಗಳನ್ನು ಇದಕ್ಕೆ ಉದಾಹರಣೆ ಕೊಡಬಾರದು. ಅವುಗಳ ಬಿಗಿತ ಬರುವುದು ಒಳಗೆ ಬೆಸೆದ ರೋಲ್ ಕೇಜಿನಿಂದ. ನಾಲ್ಕೂ ಸಸ್ಪೆನ್ಷನ್ ತಲೆಗಳನ್ನು ತ್ರಿಕೋನಗಳಲ್ಲಿ ಕಟ್ಟುವ ಆ ಪಂಜರಕ್ಕೆ ಯಾವ ಬೋಲ್ಟ್ ಕಂಬಿಯೂ ಸಾಟಿಯಲ್ಲ. ಆದರೆ ಹೆಲ್ಮೆಟ್ ಇಲ್ಲದ ತಲೆಯ ಪಕ್ಕದಲ್ಲಿ ಉಕ್ಕಿನ ಕೊಳವೆ ಇಟ್ಟುಕೊಂಡು ಮನೆಮಂದಿಯನ್ನು ಕೂರಿಸಿಕೊಂಡು ಹೋಗುವುದು ಅಪಾಯ. ರಸ್ತೆಯ ಕಾರಿಗೆ ಕೇಜ್ ಬೇಡ.

ಅಪಘಾತದ ಮಾತನ್ನೂ ಬಿಡುವಂತಿಲ್ಲ. ಎಡ ಚಕ್ರಕ್ಕೆ ಬಿದ್ದ ಪೆಟ್ಟು ಗಟ್ಟಿ ಬಾರ್ ಇದ್ದರೆ ಬಲ ಗೋಪುರಕ್ಕೂ ಹೋಗಬಹುದು, ಒಂದು ಕಡೆಯ ದುರಸ್ತಿ ಎರಡು ಕಡೆಯದಾಗಬಹುದು. ದಾರಿಹೋಕರಿಗೆ ಡಿಕ್ಕಿಯಾದಾಗ ಬಾನೆಟ್ ತಗ್ಗಿ ತಲೆಯನ್ನು ಕಾಪಾಡಲೆಂದು ಅದರ ಕೆಳಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ಎತ್ತರದ ಕಂಬಿ ಆ ಜಾಗವನ್ನು ತಿನ್ನುತ್ತದೆ. ಬಾನೆಟ್ಟಿನ ತಗಡಿಗೆ ಅಂಟಿದಂತೆ ಕೂರುವ ಬಾರ್ ಎಷ್ಟೇ ಚೆನ್ನಾಗಿದ್ದರೂ ನಾನು ಬೇಡ ಎನ್ನುತ್ತೇನೆ.

ಕಾನೂನಿನ ಕಡೆಯಿಂದ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆರ್‌ಸಿ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ಕಾರನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿನ ಅವಕಾಶ ಸೇರಿಸಿತು. ಕಂಪನಿಯ ತೂತುಗಳಲ್ಲೇ ಬೋಲ್ಟ್ ಹಾಕಿ ಕೂರಿಸಿ, ಬೇಕಾದಾಗ ಬಿಚ್ಚಬಹುದಾದ ಕಂಬಿ ಆರ್‌ಸಿಯ ಯಾವ ಸಾಲನ್ನೂ ಬದಲಿಸುವುದಿಲ್ಲ ಎಂದು ವಾದಿಸಬಹುದು. ಕತ್ತರಿಸಿ ಬೆಸೆದ ಕೆಲಸಕ್ಕೆ ಆ ವಾದ ನಿಲ್ಲುವುದು ಕಷ್ಟ. ಯಾವುದೇ ಆದರೂ ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ, ಒಪ್ಪಿಗೆ ಪಡೆದುಕೊಳ್ಳಿ.

ಇಷ್ಟೆಲ್ಲ ಓದಿಯೂ ನಿಮ್ಮ ಕಾರಿನ ಗೋಪುರ ಅಲುಗುತ್ತದೆಯೇ ಎಂಬ ಅನುಮಾನ ಉಳಿದಿದ್ದರೆ ಅಳೆಯಲು ಸುಲಭ ಉಪಾಯವಿದೆ. ಒಂದರೊಳಗೊಂದು ಸಲೀಸಾಗಿ ಜಾರುವ ಎರಡು ಹಗುರ ಅಲ್ಯುಮಿನಿಯಂ ಕೊಳವೆಗಳನ್ನು ತನ್ನಿ. ಹೊರತುದಿಗಳನ್ನು ಎರಡು ಗೋಪುರಗಳ ಬೋಲ್ಟುಗಳಿಗೆ ಕಟ್ಟಿ. ಒಳಕೊಳವೆಯ ಮೇಲೆ, ಹೊರಕೊಳವೆಯ ಬಾಯಿಗೆ ತಾಗುವಂತೆ ಬಿಗಿಯಾದ ಒಂದು ರಬ್ಬರ್ ರಿಂಗ್ ಏರಿಸಿ. ಖಾಲಿ ರಸ್ತೆಯಲ್ಲಿ ನೀವು ಎಂದಿನಂತೆ ಓಡಿಸುವ ಹಾಗೆ ಓಡಿಸಿ ಬನ್ನಿ. ಗೋಪುರಗಳು ಹತ್ತಿರ ಬಂದಷ್ಟು ರಿಂಗು ಸರಿದಿರುತ್ತದೆ, ನಿಲ್ಲಿಸಿದ ಮೇಲೆ ಬಿಟ್ಟ ಜಾಗವನ್ನು ಸ್ಕೇಲಿನಿಂದ ಅಳೆಯಬಹುದು. ಕಾರಿನ ಒಂದು ಮೂಲೆಯನ್ನು ಜ್ಯಾಕಿನಲ್ಲಿ ಎತ್ತಿ, ಆ ಬದಿಯ ಬಾಗಿಲು ಮೊದಲಿನಂತೆಯೇ ಮುಚ್ಚುತ್ತದೆಯೇ, ಸಂದು ಬದಲಾಯಿತೇ ಎಂದೂ ನೋಡಿ. ರಿಂಗು ಒಂದು ಮಿಲಿಮೀಟರೂ ಸರಿಯದೆ, ಬಾಗಿಲ ಸಂದು ಹಾಗೇ ಇದ್ದರೆ ಆ ಹಣ ಶಾಕ್ ಅಬ್ಸಾರ್ಬರಿಗೆ ಹೋಗಲಿ. ಎರಡು ಮೂರು ಮಿಲಿಮೀಟರ್ ಸರಿದಿದ್ದರೆ ಆದಷ್ಟು ನೆಟ್ಟಗಿರುವ, ತುದಿಯಲ್ಲಿ ದಪ್ಪ ಉಕ್ಕಿನ ತಟ್ಟೆಯಿರುವ, ಸಾಧ್ಯವಾದರೆ ಹಿಂಗೋಡೆಗೂ ಸೇರುವ ಬಾರನ್ನು ಕೊಳ್ಳಿ.

ಹಾಕಿಸುವಾಗ ಕಾರು ಲಿಫ್ಟಿನಲ್ಲಿ ನೇತಾಡದೆ ಸಮನೆಲದ ಮೇಲೆ ನಿಂತಿರಲಿ. ಸ್ಟ್ರಟ್ಟಿನ ಮೇಲಿನ ನಟ್ಟುಗಳನ್ನು ಕಂಪನಿ ಹೇಳಿದ ಟಾರ್ಕಿಗೆ ಟಾರ್ಕ್ ವ್ರೆಂಚಿನಿಂದಲೇ ಬಿಗಿಸಲಿ. ಬಾರಿನ ತಟ್ಟೆ ಮಧ್ಯೆ ಬಂದಿರುವುದರಿಂದ ನಟ್ಟಿಗೆ ಬೋಲ್ಟಿನ ಸುರುಳಿ ಎಳೆ ಸಾಕಷ್ಟು ಸಿಕ್ಕಿದೆಯೇ ನೋಡಿಕೊಳ್ಳಿ. ಬಾರಿನ ಉದ್ದ ಹೊಂದಿಸುವ ತಿರುಪಿದ್ದರೆ ಗೋಪುರಗಳನ್ನು ಎಳೆಯದ, ತಳ್ಳದ ಜಾಗದಲ್ಲಿ ನಿಲ್ಲಿಸಿ. ಆಮೇಲೆ ವೀಲ್ ಅಲೈನ್‌ಮೆಂಟ್. ನಂತರ ಒಬ್ಬ ಗೆಳೆಯನಿಗೆ ಹೇಳಿ, ನಿಮಗೆ ತಿಳಿಯದಂತೆ ಒಂದು ದಿನ ಬಾರನ್ನು ಬಿಚ್ಚಿಡಲಿ, ಇನ್ನೊಂದು ದಿನ ಹಾಕಿಡಲಿ. ಅದೇ ರಸ್ತೆ, ಅದೇ ಟೈರಿನ ಗಾಳಿ, ಬಾನೆಟ್ ತೆರೆಯದೆ ಓಡಿಸಿ. ಬಾರ್ ಇದೆಯೋ ಇಲ್ಲವೋ ಎಂದು ಹೇಳಲು ನಿಮಗೆ ಬಂದರೆ ಅದನ್ನು ಇಟ್ಟುಕೊಳ್ಳಿ.